ಲೇತ್ ಮುಂದೆ ನಿಂತವರ ಕಿವಿ

ಲಗ್ಗೆರೆಯ ಒಳರಸ್ತೆಗಳಲ್ಲಿ ಮನೆಗಳ ನಡುವೆಯೇ ಶೆಡ್ಡುಗಳಿವೆ. ಪಕ್ಕದ ಪೀಣ್ಯದ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ಇಂಥ ಕಡೆ ತಯಾರಾಗುತ್ತವೆ. ದಾರಿಹೋಕರಿಗೆ ಅಲ್ಲಿಂದ ಬರುವುದೆಲ್ಲ ಬರೀ ಗದ್ದಲ. ಒಳಗೆ ಲೋಹವನ್ನು ತಿರುಗಿಸಿ ಕೊಯ್ಯುವ ಲೇತ್ ಮುಂದೆ ನಿಂತವರು ಮಾತ್ರ ಅದನ್ನು ದಿನವಿಡೀ ಕಿವಿಗೊಟ್ಟು ಆಲಿಸುತ್ತಿರುತ್ತಾರೆ.

ಟೂಲ್ ಸರಿಯಾಗಿ ಲೋಹ ಕೊಯ್ಯುತ್ತಿದ್ದರೆ ಸದ್ದು ಒಂದೇ ಹದದಲ್ಲಿರುತ್ತದೆ. ಅದು ಕಿರುಚತೊಡಗಿದರೆ ಪಳಗಿದವರು ಜಾಬ್ (ಕೊಯ್ಯುತ್ತಿರುವ ತುಂಡು) ಕಡೆ ನೋಡುವ ಮೊದಲೇ ಸ್ಪೀಡ್ ಬದಲಿಸುತ್ತಾರೆ. ಈ ಕಿರುಚಾಟಕ್ಕೆ ಚಾಟರ್ ಎಂದು ಹೆಸರು. ಟೂಲ್ ತುಸು ಅದುರಿದರೂ ಜಾಬ್ ಮೇಲೆ ಸಣ್ಣ ಅಲೆ ಮೂಡುತ್ತದೆ. ಮುಂದಿನ ಸುತ್ತಿನಲ್ಲಿ ಟೂಲ್ ಆ ಅಲೆಯ ಮೇಲೇ ಹಾಯುತ್ತದೆ, ಕೊಯ್ಯುವ ಪದರದ ದಪ್ಪ ಏರಿಳಿಯುತ್ತದೆ, ಅದುರಾಟ ಇನ್ನಷ್ಟು ಬಲಿಯುತ್ತದೆ. ವೇಗ ಬದಲಾದಾಗ ಹಳೆಯ ಅಲೆಗೂ ಹೊಸ ಅಲೆಗೂ ಇದ್ದ ಹೊಂದಿಕೆ ತಪ್ಪಿ ಅದುರಾಟ ಅಡಗುತ್ತದೆ. 1907ರಲ್ಲಿ ಲೋಹ ಕತ್ತರಿಸುವ ವಿದ್ಯೆಯ ಬಗ್ಗೆ ಬರೆದ ಅಮೆರಿಕದ ಎಫ್. ಡಬ್ಲ್ಯು. ಟೇಲರ್‌ಗೂ ಚಾಟರ್ ಬಿಡಿಸಲಾಗದ ಗಂಟಾಗಿತ್ತು. ಅದರ ಗಣಿತ ಗಟ್ಟಿಯಾದದ್ದು 1950ರ ದಶಕದಿಂದೀಚೆಗೆ. ಅಲ್ಲಿಯವರೆಗೆ ಎಲ್ಲ ಕಡೆ, ಸಣ್ಣ ಶೆಡ್ಡುಗಳಲ್ಲಿ ಇಂದಿಗೂ, ಕೆಲಸಗಾರರ ಕಿವಿಯೇ ಮೀಟರು.

ಇಂಥ ಕಿವಿಯನ್ನು ಆ ಕೆಲಸವೇ ಕಸಿದುಕೊಳ್ಳುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ. ಕಿವಿತಮಟೆಯವರೆಗಿನ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಒಂದು ತುದಿ ಮುಚ್ಚಿದ ಇಷ್ಟುದ್ದದ ಕೊಳವೆ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿ ಹಿಗ್ಗಿಸುತ್ತದೆ. ಒಳಗಿವಿಗೆ ಹೆಚ್ಚು ಪೆಟ್ಟು ಬೀಳುವುದು ಅದಕ್ಕಿಂತ ತುಸು ಮೇಲೆ, 4,000 ಹರ್ಟ್ಸ್ ಸುತ್ತ. ಒಂದೊಂದು ಕಿವಿಯಲ್ಲಿರುವ, ಸದ್ದು ಹಿಡಿಯುವ ರೋಮಕೋಶಗಳು ಸುಮಾರು 15,000. ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಿವಿ ಕೆಟ್ಟದ್ದು ಬೇಗ ತಿಳಿಯುವುದೂ ಇಲ್ಲ. ಅ, ಆ, ಉ, ಊಗಳ ಬಲ ತಗ್ಗಿನ ಕಂಪನಗಳಲ್ಲಿರುವುದರಿಂದ ಅವು ಕೇಳುತ್ತಲೇ ಇರುತ್ತವೆ. ಸ, ಶ, ಚಗಳಂಥ ಸದ್ದುಗಳಿಗೆ ಮೇಲಿನ ಕಂಪನ ಬೇಕು. ದನಿ ಕೇಳಿದರೂ ಪದ ಬಿಡಿಸಿಕೊಳ್ಳಲಾಗದೆ, ಮನೆಯವರೆಲ್ಲ ಗೊಣಗುತ್ತಿದ್ದಾರೆ ಅನಿಸುತ್ತದೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ಕೈಗಾರಿಕೆಗೆ 75. ಲಗ್ಗೆರೆಯಲ್ಲಿ ಇವೆರಡೂ ಒಂದೇ ಗೋಡೆಯ ಆಚೀಚೆ ಇವೆ. ಪೀಣ್ಯದಲ್ಲಿರುವ ಶಬ್ದಮಾಪನ ಕೇಂದ್ರ ಅಳೆಯುವುದು ಹೊರಗಿನ ಸದ್ದನ್ನು, ಶೆಡ್ಡಿನೊಳಗೆ ತಗಡು ಒತ್ತುವ ಪವರ್ ಪ್ರೆಸ್ ಮುಂದೆ ಕೂತವರ ಕಿವಿಗೆ ಬೀಳುವುದನ್ನಲ್ಲ.

ಒಳಗಿನ ಲೆಕ್ಕ ಬೇರೆ. ಡೆಸಿಬೆಲ್ 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಆದರೆ ನಮ್ಮ ಮಾದರಿ ಕಾರ್ಖಾನೆ ನಿಯಮಗಳು 90 ಡೆಸಿಬೆಲ್‌ಗೆ 8 ಗಂಟೆ ಕೊಟ್ಟು, ಪ್ರತಿ 5 ಡೆಸಿಬೆಲ್‌ಗೆ ಅವಧಿಯನ್ನು ಅರ್ಧ ಮಾಡುತ್ತ ಹೋಗುತ್ತವೆ. ಹಾಗಾಗಿ 100 ಡೆಸಿಬೆಲ್‌ನಲ್ಲಿ 2 ಗಂಟೆ ಕೆಲಸಕ್ಕೆ ಅಡ್ಡಿಯಿಲ್ಲ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯಾಶ್ 85ರಿಂದ ಶುರುಮಾಡಿ 3ರ ಲೆಕ್ಕ ಹಿಡಿಯುವುದರಿಂದ ಅಷ್ಟೇ ಸದ್ದಿಗೆ 15 ನಿಮಿಷ ಸಾಕು ಎನ್ನುತ್ತದೆ. ಭೌತಶಾಸ್ತ್ರ ಎರಡನೆಯದರ ಪರ; ನಮ್ಮ ಮಿತಿ ಬದಲಾಗಬೇಕು.

ಇಯರ್‌ಪ್ಲಗ್ ಹಾಕಿದರೆ ಮಿಷನ್ ಸದ್ದು ತಿಳಿಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಪ್ರೆಸ್ ಅಡಿಗೆ ರಬ್ಬರ್ ಪ್ಯಾಡ್ ಹಾಕಿ, ಸಾಧ್ಯವಾದಷ್ಟು ಮುಚ್ಚಿ, ಸದ್ದನ್ನು ಹುಟ್ಟುವಲ್ಲೇ ತಗ್ಗಿಸುವುದು ಮಾಲೀಕರ ಮೊದಲ ಕೆಲಸ. ಸದ್ದಿನಿಂದ ಬರುವ ಕಿವುಡು ಇಎಸ್ಐ ವಿಮೆಯ ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯಲ್ಲಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಲಗ್ಗೆರೆಗೆ ಹತ್ತಿರದಲ್ಲೇ ರಾಜಾಜಿನಗರದ ಇಎಸ್ಐ ಆಸ್ಪತ್ರೆಯಿದೆ. ಕೆಲಸಕ್ಕೆ ಸೇರಿದ ವರ್ಷವೇ ಒಂದು ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ, ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ, ಆ ಚೀಟಿಗಳನ್ನೆಲ್ಲ ಸಂಬಳದ ಚೀಟಿಯ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ.