ಸಿ ಹೋಯಿತು, ಬಿ ಎದ್ದಿತು

“ಮಾತ್ರೆ ನುಂಗಿದ ಮೇಲೇ ಕಾಮಾಲೆ ಬಂತಲ್ಲ ಮೇಡಂ, ಇದೆಂಥ ಔಷಧಿ?”

ರಕ್ತ ಪರೀಕ್ಷೆಗೆ ಗಂಡನನ್ನು ಕರೆತಂದಿದ್ದ ಹೆಂಗಸು ಕೇಳಿದ ಮಾತಿದು. ಇಪ್ಪತ್ತಾರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರ ಯಜಮಾನರಿಗೆ ಹೆಪಟೈಟಿಸ್ ಸಿ. ಚಿಕ್ಕಂದಿನಲ್ಲಿ ಅಪಘಾತವಾಗಿ ರಕ್ತ ಹಾಕಿಸಿಕೊಂಡಿದ್ದರಂತೆ. ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅದಕ್ಕೂ ಮುಂಚೆ ಕೊಟ್ಟ ರಕ್ತದಲ್ಲಿ ಅದನ್ನು ಹುಡುಕುವ ದಾರಿಯೇ ಇರಲಿಲ್ಲ. ಈಗ ಹನ್ನೆರಡು ವಾರ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ಪೂರ್ತಿ ವಾಸಿಯಾಗುತ್ತದೆ. ಇವರ ರಕ್ತದಲ್ಲೂ ಎಂಟನೇ ವಾರಕ್ಕೆ ಸಿ ವೈರಸ್ ಕಾಣುತ್ತಿರಲಿಲ್ಲ. ಆದರೆ ಅವತ್ತು ಯಂತ್ರದಲ್ಲಿ ತಿರುಗಿಸಿ ತೆಗೆದ ಟ್ಯೂಬಿನ ಮೇಲ್ಭಾಗದಲ್ಲಿ, ತಿಳಿಯಾಗಿ ನಿಲ್ಲಬೇಕಾದ ಸೀರಮ್ ಅರಿಶಿನ ಕಲಸಿದ ನೀರಿನಂತಿತ್ತು. ಲಿವರಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ, 40ರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ 800 ದಾಟಿತ್ತು.

ಡಾಕ್ಟರು ಎಚ್‌ಬಿಎಸ್‌ಎಜಿ ನೋಡಿ ಎಂದರು. ಕಾರ್ಡಿನ ಮೇಲೆ ಸೀರಮ್ ಬಿಟ್ಟೆ. ಬಿಳಿ ಪಟ್ಟಿಯಲ್ಲಿ ಗುಲಾಬಿ ಬಣ್ಣ ಹರಿದು, ನಿಧಾನಕ್ಕೆ ಎರಡು ಗೀಟು ಮೂಡಿದವು. ಎರಡು ಗೀಟೆಂದರೆ ಹೆಪಟೈಟಿಸ್ ಬಿ.

ಫೈಲು ತಿರುವಿ ನೋಡಿದರೆ ಮಾತ್ರೆಗೆ ಮುಂಚೆ ಬೇರೆ ಕಡೆ ಮಾಡಿಸಿದ ವರದಿಯಲ್ಲೂ ಅದು ಪಾಸಿಟಿವ್. ಆದರೆ ರಕ್ತದಲ್ಲಿ ಬಿ ವೈರಸ್ಸಿನ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇತ್ತು. ಮಲಗಿದೆಯಲ್ಲ, ಇರಲಿ ಎಂದು ಬಿಟ್ಟಿದ್ದರು. ಅದನ್ನು ಮಲಗಿಸಿಟ್ಟದ್ದೇ ಸಿ ವೈರಸ್ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಈ ಅಸಡ್ಡೆಯನ್ನು ನಾನು ಈಗಲೂ ಕ್ಷಮಿಸಲಾರೆ.

ಒಂದು ವೈರಸ್ ಇನ್ನೊಂದಕ್ಕೆ ಅಡ್ಡ ನಿಲ್ಲುವುದು ಹೊಸ ಸಂಗತಿಯೇನಲ್ಲ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳನ್ನು ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸಿನ ಜೊತೆ ಇಟ್ಟರು. ಆ ದ್ರವವನ್ನು ಹೊಸ ಪೊರೆಗೆ ಹಾಕಿ, ಆಮೇಲೆ ಜೀವಂತ ವೈರಸ್ ಬಿಟ್ಟರೆ ಅದು ಸರಿಯಾಗಿ ಬೆಳೆಯಲೇ ಇಲ್ಲ. ಪೊರೆಯ ಜೀವಕೋಶಗಳು ಸ್ರವಿಸಿದ ಆ ವಸ್ತುವಿಗೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಲಿವರಿನಲ್ಲಿ ಸಿ ವೈರಸ್ ಇರುವಷ್ಟು ದಿನವೂ ಈ ಇಂಟರ್‌ಫೆರಾನಿನ ಕಾವಲು ಇರುತ್ತದೆ. ಸಿ ಅದಕ್ಕೆ ಜಗ್ಗುವುದಿಲ್ಲ, ಬಿ ಮಾತ್ರ ಅಡಗುತ್ತದೆ. (ಕೆಲವರಲ್ಲಿ ಬಿಯೇ ಸಿಯನ್ನು ಅದುಮಿಡುವುದೂ ಉಂಟು.) ಅಡಗಿದರೂ ಬಿ ತನ್ನ ಡಿಎನ್‌ಎಯ ಪ್ರತಿಯನ್ನು ಜೀವಕೋಶದ ಕೇಂದ್ರದಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಹೊಸ ಮಾತ್ರೆಗಳು ಸಿಯನ್ನಷ್ಟೇ ಕೊಲ್ಲುತ್ತವೆ. ಸಿ ಹೋದ ಮೇಲೆ ಕಾವಲೂ ಸಡಿಲಾಗಿ ಬಿ ಮೇಲೇಳುತ್ತದೆ. ಅದನ್ನು ಹೊಡೆಯಲು ದೇಹದ ರಕ್ಷಣಾಪಡೆ ಮುಗಿಬಿದ್ದಾಗ ನಾಶವಾಗುವುದು ಲಿವರಿನ ಜೀವಕೋಶಗಳೇ. ಹಿಂದೆ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ನನ್ನೇ ಕೊಡುತ್ತಿದ್ದರು. ಜ್ವರ, ಮೈಕೈ ನೋವಿನಲ್ಲಿ ರೋಗಿಗಳು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು. ಆದರೂ ಅದು ಬಿಯನ್ನೂ ಹಿಡಿದಿಡುತ್ತಿದ್ದುದರಿಂದ ಈ ತೊಂದರೆ ಇಷ್ಟಾಗಿ ಕಾಣುತ್ತಿರಲಿಲ್ಲ.

2016ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ 24 ಪ್ರಕರಣಗಳನ್ನು ಮುಂದಿಟ್ಟು, ಸಿಯ ಹೊಸ ಮಾತ್ರೆಗಳಿಗೆ ಅತಿ ಗಂಭೀರ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಆ 24 ಮಂದಿಯಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ಲಿವರ್ ಕಸಿ ಬೇಕಾಗಿತ್ತು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದು ಸಿಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿ ಮರುಕಳಿಸುತ್ತದೆ.

ನಮ್ಮ ರೋಗಿಗೆ ಬಿ ವೈರಸ್ಸನ್ನು ಹತ್ತಿಕ್ಕುವ ಎಂಟೆಕಾವಿರ್ ಮಾತ್ರೆ ಶುರುವಾಯಿತು. ತಿಂಗಳುಗಳ ಮೇಲೆ ಸೀರಮ್ ಮತ್ತೆ ತಿಳಿಯಾಯಿತು. ಆ ಹೆಂಗಸಿನ ಪ್ರಶ್ನೆಗೆ ಉತ್ತರವನ್ನು ಡಾಕ್ಟರಿಂದ ಕೇಳಿ ತಿಳಿದುಕೊಂಡು, ಲ್ಯಾಬಿನ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತು ಹೇಳಿದೆ.

ಸಿ ಮಾತ್ರೆಗೆ ಹೆದರಿ ಯಾರೂ ಅದನ್ನು ಬಿಡಬೇಡಿ; ಅದು ಜೀವ ಉಳಿಸುವ ಔಷಧಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ ಮತ್ತು ಔಷಧಿ ಉಚಿತ. ನಿಮ್ಮ ಮನೆಯವರು ಮೊದಲ ಮಾತ್ರೆ ನುಂಗುವ ಮುಂಚೆ ಡಾಕ್ಟರನ್ನು ಕೇಳಿ: ಎಚ್‌ಬಿಎಸ್‌ಎಜಿ ನೋಡಿದ್ದೀರಾ, ಹಿಂದೆಂದಾದರೂ ಬಿ ತಗುಲಿತ್ತೇ ಎಂದು ತಿಳಿಸುವ ಆಂಟಿ-ಎಚ್‌ಬಿಸಿ ನೋಡಿದ್ದೀರಾ?