ಚಲನಚಿತ್ರಗಳ ಭೌತಿಕ ಪ್ರತಿ ಮತ್ತು ಸ್ಟ್ರೀಮಿಂಗ್

ಚಲನಚಿತ್ರದ ಭೌತಿಕ ಪ್ರತಿ ಎಂದರೆ ವೀಕ್ಷಕರು ಹಣ ಕೊಟ್ಟು ಕೊಂಡು ತಮ್ಮ ಬಳಿಯೇ ಇರಿಸಿಕೊಳ್ಳಬಹುದಾದ ವಿಡಿಯೋ ಕ್ಯಾಸೆಟ್, ವಿಸಿಡಿ, ಡಿವಿಡಿ ಅಥವಾ ಬ್ಲೂ-ರೇ ಡಿಸ್ಕ್. ಅಂತರಜಾಲದ ಮೂಲಕ ಚಿತ್ರವನ್ನು ನೋಡುತ್ತಿರುವಾಗಲೇ ಅದರ ದತ್ತಾಂಶವು ಹರಿದು ಬರುವ ವ್ಯವಸ್ಥೆಗೆ ಸ್ಟ್ರೀಮಿಂಗ್ ಎನ್ನಲಾಗುತ್ತದೆ. ಚಿತ್ರದ ಕಡತವನ್ನು ಮೊದಲು ಉಪಕರಣದಲ್ಲಿ ಉಳಿಸಿಕೊಂಡು ಅನಂತರ ನೋಡುವುದು ಡೌನ್‌ಲೋಡ್. ಈ ಮೂರು ಬಗೆಗಳ ನಡುವೆ ಬೆಲೆ ಮತ್ತು ಅನುಕೂಲದ ಅಂತರವಿರುವಂತೆಯೇ ಮಾಲೀಕತ್ವ, ಚಿತ್ರದ ಗುಣಮಟ್ಟ ಹಾಗೂ ದೊರೆಯುವ ಆವೃತ್ತಿಯ ಅಂತರವೂ ಇದೆ. ಒಂದೇ ಹೆಸರಿನ ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ಆವೃತ್ತಿಗಳು ಇರುವುದರಿಂದ, ಯಾವ ಆವೃತ್ತಿ ಯಾರ ಬಳಿ ಉಳಿಯುತ್ತದೆ ಎಂಬುದು ಚಿತ್ರ ಸಂರಕ್ಷಣೆಯ ಮುಖ್ಯ ಪ್ರಶ್ನೆಯಾಗಿದೆ. ಕರ್ನಾಟಕದ ರಾಮನಗರದಲ್ಲಿ ಚಿತ್ರೀಕರಣಗೊಂಡ ಹಿಂದಿ ಚಿತ್ರ 'ಶೋಲೆ' (1975) ಇದಕ್ಕೆ ಪ್ರಸಿದ್ಧ ನಿದರ್ಶನ.

ಮಾಧ್ಯಮಗಳ ಬೆಳವಣಿಗೆ

ಗೃಹ ವೀಕ್ಷಣೆಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಮಾಧ್ಯಮ ವಿಎಚ್‌ಎಸ್ ಕ್ಯಾಸೆಟ್. ಇದನ್ನು ಜಪಾನಿನ ಜೆವಿಸಿ ಸಂಸ್ಥೆಯು 1976ರಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1980ರ ದಶಕದಲ್ಲಿ ಊರೂರುಗಳಲ್ಲಿ ಹುಟ್ಟಿಕೊಂಡ ವಿಡಿಯೋ ಲೈಬ್ರರಿಗಳು ಕ್ಯಾಸೆಟ್‌ಗಳನ್ನು ದಿನದ ಬಾಡಿಗೆಗೆ ನೀಡುತ್ತಿದ್ದವು. ಹೀಗಾಗಿ ಹೆಚ್ಚಿನ ಕುಟುಂಬಗಳಿಗೆ ಭೌತಿಕ ಪ್ರತಿ ಎಂಬುದು ಕೊಳ್ಳುವ ವಸ್ತುವಾಗುವ ಮೊದಲು ಬಾಡಿಗೆಗೆ ತರುವ ವಸ್ತುವಾಗಿತ್ತು.

1993ರಲ್ಲಿ ರೂಪುಗೊಂಡ ವಿಸಿಡಿ ಮಾನಕವು ಏಷ್ಯಾದ ದೇಶಗಳಲ್ಲಿ ಬಹಳ ಜನಪ್ರಿಯವಾಯಿತು. ಒಂದು ವಿಸಿಡಿಯಲ್ಲಿ ಸುಮಾರು 74 ನಿಮಿಷಗಳ ಚಿತ್ರ ಹಿಡಿಯುತ್ತದೆ. ಆದ್ದರಿಂದ ಎರಡೂವರೆ ಗಂಟೆಯ ಭಾರತೀಯ ಚಿತ್ರವೊಂದಕ್ಕೆ ಎರಡು ಅಥವಾ ಮೂರು ಡಿಸ್ಕ್‌ಗಳು ಬೇಕಾಗುತ್ತಿದ್ದವು. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್, ಎರಡು ಪದರಗಳಲ್ಲಿ ಸುಮಾರು 8.5 ಗಿಗಾಬೈಟ್ ದತ್ತಾಂಶ ಹಿಡಿಯುವುದರಿಂದ ಇಡೀ ಚಿತ್ರವನ್ನು ಒಂದೇ ಡಿಸ್ಕ್‌ನಲ್ಲಿ ಅಡಕಗೊಳಿಸುವುದು ಸಾಧ್ಯವಾಯಿತು. 2006ರಲ್ಲಿ ಬಂದ ಬ್ಲೂ-ರೇ ಡಿಸ್ಕ್‌ನ ಸಾಮರ್ಥ್ಯ ಪ್ರತಿ ಪದರಕ್ಕೆ 25 ಗಿಗಾಬೈಟ್.

ಭಾರತದಲ್ಲಿ ಮೋಸರ್ ಬೇರ್ ಸಂಸ್ಥೆಯು 2000ದ ದಶಕದ ಉತ್ತರಾರ್ಧದಲ್ಲಿ ಹಲವು ಭಾಷೆಗಳ ಚಿತ್ರಗಳ ಹಕ್ಕು ಪಡೆದು, ವಿಸಿಡಿಯನ್ನು 28 ರೂಪಾಯಿಗೆ ಹಾಗೂ ಡಿವಿಡಿಯನ್ನು 34 ರೂಪಾಯಿಗೆ ಮಾರಲಾರಂಭಿಸಿತು. ನಕಲಿ ಡಿಸ್ಕ್‌ಗಳ ಬೆಲೆಗೇ ಅಧಿಕೃತ ಪ್ರತಿಯನ್ನು ಕೊಡುವುದು ಇದರ ಉದ್ದೇಶವಾಗಿತ್ತು. ಅಂತರಜಾಲದ ವೇಗ ಹೆಚ್ಚಿ ದತ್ತಾಂಶದ ದರ ಇಳಿದಂತೆ ಡಿಸ್ಕ್‌ಗಳ ಮಾರುಕಟ್ಟೆ ಕುಸಿಯಿತು. ಆ ಸಂಸ್ಥೆಯೂ 2018ರಲ್ಲಿ ಸಮಾಪನಕ್ಕೆ ಒಳಗಾಯಿತು. ಭಾರತದಲ್ಲಿ ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೋ 2016ರಲ್ಲಿ ಸೇವೆ ಆರಂಭಿಸಿದವು. ಕೋವಿಡ್ ಕಾಲದಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ, 2020ರ ಜುಲೈನಲ್ಲಿ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಕನ್ನಡ ಚಿತ್ರಗಳು ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು.

ನಿದರ್ಶನ: ರಾಮನಗರದ 'ಶೋಲೆ'

ಚಿತ್ರೀಕರಣ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ಈ ಪ್ರದೇಶದ ಹೆಬ್ಬಂಡೆಗಳ ಬೆಟ್ಟಗಳು ಹಲವು ಚಿತ್ರಗಳಿಗೆ ಹಿನ್ನೆಲೆಯಾಗಿವೆ. ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಮರಬಾರ್ ಗುಹೆಗಳ ದೃಶ್ಯಗಳಿಗೆ ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನೂ ರಾಮನಗರದ ಬೆಟ್ಟಗಳನ್ನೂ ಬಳಸಿಕೊಳ್ಳಲಾಯಿತು.

ರಮೇಶ್ ಸಿಪ್ಪಿ ನಿರ್ದೇಶನದ 'ಶೋಲೆ'ಯ ಚಿತ್ರೀಕರಣವು 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಳಿ ಆರಂಭವಾಯಿತು. ಕಥೆಯಲ್ಲಿ ಬರುವ ರಾಮ್‌ಗಢವೆಂಬ ಹಳ್ಳಿಯನ್ನು ಕಲಾ ನಿರ್ದೇಶಕ ರಾಮ್ ಯೆಡೇಕರ್ ಅವರು ಬೆಟ್ಟದ ತಪ್ಪಲಿನಲ್ಲಿ ನಿರ್ಮಿಸಿದರು. ಚಿತ್ರೀಕರಣ ಮುಗಿದ ಮೇಲೆ ಆ ಹಳ್ಳಿ ಉಳಿಯಲಿಲ್ಲ. ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಬಂಡೆಗಳನ್ನು ಬಿಟ್ಟರೆ ರಾಮ್‌ಗಢವು ಈಗ ಇರುವುದು ಚಿತ್ರದ ಪ್ರತಿಗಳಲ್ಲಿ ಮಾತ್ರ.

ಬದಲಾದ ಅಂತ್ಯ

ಮೂಲ ಚಿತ್ರಕಥೆಯ ಪ್ರಕಾರ, ಕೈಗಳನ್ನು ಕಳೆದುಕೊಂಡ ಠಾಕೂರ್ ಬಲದೇವ್ ಸಿಂಗ್ ಕೊನೆಯಲ್ಲಿ ಡಕಾಯಿತ ಗಬ್ಬರ್ ಸಿಂಗ್‌ನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದ ಕಾಲವದು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದಕ್ಕೂ ಚಿತ್ರದ ಹಿಂಸೆಗೂ ಸೆನ್ಸಾರ್ ಮಂಡಳಿಯು ಆಕ್ಷೇಪಿಸಿತು. ಕೊಲ್ಲುವ ಮುನ್ನವೇ ಪೊಲೀಸರು ಬಂದು ಗಬ್ಬರ್‌ನನ್ನು ಬಂಧಿಸುವಂತೆ ಅಂತ್ಯವನ್ನು ಮತ್ತೆ ಚಿತ್ರೀಕರಿಸಲಾಯಿತು. ಹೀಗೆ ಬದಲಾದ ಚಿತ್ರವೇ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷಗಳ ಕಾಲ ಪ್ರದರ್ಶನಗೊಂಡದ್ದೂ ಇದೇ ಆವೃತ್ತಿ.

ಗೃಹ ಪ್ರತಿಗಳು

ವಿಡಿಯೋ ಬರುವ ಮೊದಲು ಈ ಚಿತ್ರದ ಅಂಶವೊಂದನ್ನು ಮನೆಗೆ ತರಲು ಇದ್ದ ಮಾರ್ಗವೆಂದರೆ ಧ್ವನಿಮುದ್ರಿಕೆ. ಪಾಲಿಡೋರ್ ಸಂಸ್ಥೆಯು ಹಾಡುಗಳ ಜೊತೆಗೆ ಚಿತ್ರದ ಸಂಭಾಷಣೆಗಳ ಮುದ್ರಿಕೆಯನ್ನೂ ಹೊರತಂದಿತು. ಅದು ಬಹಳವಾಗಿ ಮಾರಾಟವಾಯಿತು.

ಸುಮಾರು ಹದಿನೈದು ವರ್ಷಗಳ ಕಾಲ ಪ್ರೇಕ್ಷಕರಿಗೆ ಬದಲಾದ ಅಂತ್ಯವಷ್ಟೇ ದೊರೆಯುತ್ತಿತ್ತು. 1990ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಮೂಲ ಅಂತ್ಯವು ಬೆಳಕಿಗೆ ಬಂದಿತು. ಅನಂತರ ಈರೋಸ್ ಸಂಸ್ಥೆಯು ಎರಡು ಬೇರೆ ಬೇರೆ ಡಿವಿಡಿಗಳನ್ನು ಹೊರತಂದಿತು. ಒಂದು 204 ನಿಮಿಷಗಳದ್ದು. ಅದರಲ್ಲಿ ಮೂಲ ಅಂತ್ಯವಿದ್ದು, ಚೌಕಟ್ಟು ಕ್ಯಾಮೆರಾದಲ್ಲಿ ಸೆರೆಯಾದಂತೆ ಪೂರ್ಣವಾಗಿದೆ. ಇನ್ನೊಂದು 198 ನಿಮಿಷಗಳದ್ದು; ಅದರಲ್ಲಿ ಚಿತ್ರಮಂದಿರದ ಅಗಲ ಪರದೆಯ ಚೌಕಟ್ಟೂ ಬದಲಾದ ಅಂತ್ಯವೂ ಇವೆ. ಚಿತ್ರವನ್ನು 35 ಮಿ.ಮೀ. ಫಿಲ್ಮ್‌ನಲ್ಲಿ ತೆಗೆದು, ಮೇಲೆ ಕೆಳಗೆ ಕತ್ತರಿಸಿ 70 ಮಿ.ಮೀ.ಗೆ ಹಿಗ್ಗಿಸಿದ್ದೇ ಚೌಕಟ್ಟಿನ ಈ ವ್ಯತ್ಯಾಸಕ್ಕೆ ಕಾರಣ. ಹೀಗೆ ಮೂಲ ಅಂತ್ಯವು ಚಿತ್ರಮಂದಿರದಲ್ಲಿ ಕಾಣದಿದ್ದ ದೀರ್ಘ ಅವಧಿಯಲ್ಲಿ ಅದನ್ನು ಜನರ ಬಳಿ ಉಳಿಸಿದ್ದು ಮನೆಯ ಕಪಾಟಿನ ಕ್ಯಾಸೆಟ್ ಮತ್ತು ಡಿಸ್ಕ್.

ಪುನರುದ್ಧಾರ

ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ತೀವ್ರವಾಗಿ ಹಾಳಾಗಿತ್ತು, 70 ಮಿ.ಮೀ. ಮುದ್ರಣಗಳೂ ಉಳಿದಿರಲಿಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸಂಸ್ಥೆಗಳು, ಬ್ರಿಟನ್ನಿನ ದಾಸ್ತಾನಿನಲ್ಲಿದ್ದ ಇಂಟರ್‌ಪಾಸಿಟಿವ್ ಮುಂತಾದ ಫಿಲ್ಮ್ ಸಾಮಗ್ರಿಗಳ ನೆರವಿನಿಂದ ಚಿತ್ರವನ್ನು 4ಕೆ ಗುಣಮಟ್ಟದಲ್ಲಿ ಪುನರುದ್ಧರಿಸಿದವು. ಮೂಲ ಅಂತ್ಯವನ್ನು ಒಳಗೊಂಡ ಈ ಆವೃತ್ತಿಯು 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಡಿಜಿಟಲ್ ರೂಪದ ಹೊಸ ಪ್ರತಿಯೂ ಎಲ್ಲೋ ಉಳಿದಿದ್ದ ಫಿಲ್ಮ್ ಸುರುಳಿಯನ್ನೇ ಅವಲಂಬಿಸಿತ್ತು ಎಂಬುದು ಇಲ್ಲಿ ಗಮನಾರ್ಹ.

ಆವೃತ್ತಿಯನ್ನು ಗುರುತಿಸುವ ಬಗೆ

ಡಿಸ್ಕ್‌ನ ಹೊದಿಕೆಯ ಮೇಲಾಗಲಿ ಸ್ಟ್ರೀಮಿಂಗ್ ಪುಟದಲ್ಲಾಗಲಿ ನಮೂದಾಗಿರುವ ಅವಧಿಯು ಆವೃತ್ತಿಯ ಮೊದಲ ಸುಳಿವು. ಆದರೆ ಅವಧಿಯೊಂದನ್ನೇ ನೆಚ್ಚುವಂತಿಲ್ಲ. ಚಿತ್ರಗಳು ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರೀಕರಣಗೊಳ್ಳುತ್ತವೆ; ಪಾಲ್ ಪದ್ಧತಿಯ ಕ್ಯಾಸೆಟ್ ಅಥವಾ ಡಿಸ್ಕ್‌ನಲ್ಲಿ ಅವು ಸಾಮಾನ್ಯವಾಗಿ ಸೆಕೆಂಡಿಗೆ 25ರಂತೆ ಓಡುತ್ತವೆ. ಇದರಿಂದ ಅವಧಿಯು ಶೇಕಡ 4ರಷ್ಟು ಕಡಿಮೆಯಾಗಿ, 204 ನಿಮಿಷಗಳ ಚಿತ್ರವು ಸುಮಾರು 196 ನಿಮಿಷಗಳಲ್ಲಿ ಮುಗಿಯುತ್ತದೆ. ಯಾವ ದೃಶ್ಯವೂ ಕಡಿತವಾಗದಿದ್ದರೂ ಅವಧಿ ಕುಗ್ಗಿ ಕಾಣಬಹುದು. 'ಶೋಲೆ'ಯ ವಿಷಯದಲ್ಲಿ, ಕೊನೆಯಲ್ಲಿ ಪೊಲೀಸರು ತಡೆಯುತ್ತಾರೋ ಇಲ್ಲವೋ ಎಂಬುದೇ ಖಚಿತವಾದ ಗುರುತು.

ಮಾಲೀಕತ್ವ ಮತ್ತು ಕಾನೂನು

ಡಿಸ್ಕ್ ಕೊಂಡವರು ಆ ವಸ್ತುವಿನ ಮಾಲೀಕರಾಗುತ್ತಾರೆಯೇ ಹೊರತು ಚಿತ್ರದ ಹಕ್ಕುಸ್ವಾಮ್ಯದ ಮಾಲೀಕರಾಗುವುದಿಲ್ಲ. ಅದನ್ನು ಮನೆಯಲ್ಲಿ ಎಷ್ಟು ಬಾರಿಯಾದರೂ ನೋಡಬಹುದು, ನೆಂಟರಿಷ್ಟರಿಗೆ ನೋಡಲು ಕೊಡಬಹುದು. ಸಾರ್ವಜನಿಕವಾಗಿ ಪ್ರದರ್ಶಿಸಲು ಅಥವಾ ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡಲು ಹಕ್ಕುದಾರರ ಅನುಮತಿ ಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಹಾಗೂ ಶಿಕ್ಷಣ ಸಂಸ್ಥೆಗಳು ಕಾನೂನುಬದ್ಧ ಪ್ರತಿಯನ್ನು ಲಾಭದ ಉದ್ದೇಶವಿಲ್ಲದೆ ಎರವಲು ನೀಡುವುದನ್ನು 'ವಾಣಿಜ್ಯ ಬಾಡಿಗೆ'ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಸ್ಟ್ರೀಮಿಂಗ್‌ನ ಚಂದಾದಾರರಿಗೆ ದೊರೆಯುವುದು ನೋಡುವ ಪರವಾನಗಿ ಮಾತ್ರ. ಚಂದಾ ನಿಂತರೆ ಅಥವಾ ಸಂಸ್ಥೆಗೂ ನಿರ್ಮಾಪಕರಿಗೂ ಇರುವ ಒಪ್ಪಂದದ ಅವಧಿ ಮುಗಿದರೆ ಚಿತ್ರವು ಲಭ್ಯವಾಗುವುದಿಲ್ಲ. ಆ್ಯಪ್‌ನೊಳಗೆ ಡೌನ್‌ಲೋಡ್ ಮಾಡಿಕೊಂಡ ಚಿತ್ರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಆ ಕಡತವು ಗೂಢಲಿಪಿಯಲ್ಲಿದ್ದು, ನಿಗದಿತ ದಿನಗಳ ನಂತರ ತೆರೆದುಕೊಳ್ಳುವುದಿಲ್ಲ. ಇಂತಹ ತಾಂತ್ರಿಕ ರಕ್ಷಣೆಯನ್ನು ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿಯುವುದು ಕಾಯಿದೆಯ 65ಎ ಕಲಮಿನ ಪ್ರಕಾರ ಅಪರಾಧ. 'ಕೊಳ್ಳಿ' ಎಂಬ ಗುಂಡಿ ಒತ್ತಿ ಪಡೆದ ಡಿಜಿಟಲ್ ಪ್ರತಿಯೂ ವಾಸ್ತವದಲ್ಲಿ ಪರವಾನಗಿಯೇ ಆಗಿರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಈ ಸಂಗತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದವನ್ನು ಬಳಸುವಂತಿಲ್ಲ.

ಅನಧಿಕೃತ ಡೌನ್‌ಲೋಡ್ ಈ ಎರಡೂ ಬಗೆಗಳಿಂದ ಭಿನ್ನ. ಅಂತಹ ಕಡತಗಳ ಒಂದು ಮೂಲ ಚಿತ್ರಮಂದಿರದಲ್ಲಿ ಕದ್ದು ನಡೆಸುವ ಚಿತ್ರೀಕರಣ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯಿದೆಯು ಇಂತಹ ಚಿತ್ರೀಕರಣಕ್ಕೂ ಪ್ರಸಾರಕ್ಕೂ 3 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, ಕನಿಷ್ಠ 3 ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇಕಡ 5ರವರೆಗೆ ದಂಡವನ್ನೂ ವಿಧಿಸುತ್ತದೆ.

ಭಾರತದಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯವು ಪ್ರಕಟಣೆಯ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳ ಕಾಲ ಇರುತ್ತದೆ. ಅದರಂತೆ 'ಶೋಲೆ'ಯ ಹಕ್ಕು 2035ರ ಕೊನೆಯವರೆಗೆ ಮುಂದುವರಿಯುತ್ತದೆ.

ಗುಣಮಟ್ಟ ಮತ್ತು ವೆಚ್ಚ

ಸ್ಟ್ರೀಮಿಂಗ್‌ನಲ್ಲಿ ಚಿತ್ರದ ಗುಣಮಟ್ಟವು ಸಂಪರ್ಕದ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 3 ಗಿಗಾಬೈಟ್‌ವರೆಗೆ ದತ್ತಾಂಶ ವ್ಯಯವಾಗುತ್ತದೆ. ಈ ಲೆಕ್ಕದಲ್ಲಿ 204 ನಿಮಿಷಗಳ ಚಿತ್ರಕ್ಕೆ ಸುಮಾರು 10 ಗಿಗಾಬೈಟ್ ಬೇಕು. ಬ್ಲೂ-ರೇ ಡಿಸ್ಕ್‌ನಲ್ಲಿ ಅದೇ ಚಿತ್ರಕ್ಕೆ ಇದರ ಹಲವು ಪಟ್ಟು ಸ್ಥಳ ದೊರೆಯುವುದರಿಂದ ಕತ್ತಲಿನ ದೃಶ್ಯಗಳು, ವೇಗದ ಚಲನೆ ಹಾಗೂ ಧ್ವನಿ ಹೆಚ್ಚು ಸ್ಪಷ್ಟವಾಗಿರುತ್ತವೆ. ವಿಸಿಡಿಯ ಸ್ಪಷ್ಟತೆ ಇಂದಿನ ಸಾಧಾರಣ ಸ್ಟ್ರೀಮಿಂಗ್‌ಗಿಂತಲೂ ಕಡಿಮೆ. ಆದ್ದರಿಂದ ಭೌತಿಕ ಪ್ರತಿಯೆಂದ ಮಾತ್ರಕ್ಕೆ ಗುಣಮಟ್ಟ ಮೇಲು ಎನ್ನಲಾಗದು.

ವೆಚ್ಚದ ದೃಷ್ಟಿಯಿಂದ, ಹೊಸ ಚಿತ್ರಗಳನ್ನು ಒಮ್ಮೆ ನೋಡಿ ಬಿಡುವವರಿಗೆ ಚಂದಾ ಅಗ್ಗ. ಕೆಲವೇ ಚಿತ್ರಗಳನ್ನು ಮತ್ತೆ ಮತ್ತೆ ನೋಡುವವರಿಗೆ, ಅಧ್ಯಯನ ಮಾಡುವವರಿಗೆ ಅಥವಾ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಇರುವವರಿಗೆ ಡಿಸ್ಕ್ ಉಪಯುಕ್ತ. ಆದರೆ ಅದಕ್ಕೆ ಚಾಲಕ ಯಂತ್ರವೂ ಬೇಕು. ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ವ್ಯವಸ್ಥೆಯೇ ಇಲ್ಲ.

ಬಾಳಿಕೆ

ಭೌತಿಕ ಪ್ರತಿಗಳೂ ಶಾಶ್ವತವಲ್ಲ. ಕ್ಯಾಸೆಟ್‌ನ ಕಾಂತೀಯ ಲೇಪನವು ತೇವದಿಂದ ಬೂಸ್ಟು ಹಿಡಿಯುತ್ತದೆ. ಡಿಸ್ಕ್‌ನ ಪ್ರತಿಫಲನ ಪದರಕ್ಕೆ ಗಾಳಿ ತಗುಲಿದರೆ ಅದು ಕ್ರಮೇಣ ಕಪ್ಪಾಗಿ ಓದಲು ಬಾರದಂತಾಗುತ್ತದೆ. ಅಸಿಟೇಟ್ ಫಿಲ್ಮ್ ವಿಘಟನೆಗೊಂಡು ವಿನೆಗರ್ ವಾಸನೆ ಬೀರುತ್ತಾ ಮುದುಡುತ್ತದೆ. ಡಿಸ್ಕ್‌ಗಳನ್ನು ಬಿಸಿಲು ಮತ್ತು ತೇವಗಳಿಂದ ದೂರವಾಗಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡುವುದರಿಂದ ಬಾಳಿಕೆ ಹೆಚ್ಚುತ್ತದೆ. ಸ್ಟ್ರೀಮಿಂಗ್‌ನಲ್ಲಿ ವೀಕ್ಷಕರಿಗೆ ಈ ಕಾಳಜಿ ಇಲ್ಲ. ಆದರೆ ಚಿತ್ರದ ಉಳಿವು ಸಂಪೂರ್ಣವಾಗಿ ಇನ್ನೊಬ್ಬರ ನಿರ್ಧಾರಕ್ಕೆ ಒಳಪಟ್ಟಿರುತ್ತದೆ.

ಕನ್ನಡ ಚಿತ್ರಗಳು

ಪ್ರತಿಗಳು ಉಳಿಯದಿದ್ದರೆ ಆಗುವ ನಷ್ಟಕ್ಕೆ ಕನ್ನಡ ಚಿತ್ರರಂಗದಲ್ಲಿ ಮೊದಲ ಪುಟದಿಂದಲೇ ಉದಾಹರಣೆಗಳಿವೆ. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಯಾವ ಪ್ರತಿಯೂ ಉಳಿದಿಲ್ಲ. ಅದರ ಬಗ್ಗೆ ಇಂದು ತಿಳಿಯಲು ಆಧಾರವಾಗಿರುವುದು ಜಾಹೀರಾತು, ಛಾಯಾಚಿತ್ರ ಹಾಗೂ ಬರಹಗಳು ಮಾತ್ರ. ಇದಕ್ಕೆ ವ್ಯತಿರಿಕ್ತವಾಗಿ, ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ (1977) ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದ ಪುನರುದ್ಧಾರಗೊಂಡ ಪ್ರತಿಯು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಸ್ಟ್ರೀಮಿಂಗ್ ವೇದಿಕೆಗಳು ಯಾವ ಚಿತ್ರವನ್ನು ಕೊಳ್ಳಬೇಕೆಂಬುದನ್ನು ತಮ್ಮ ವ್ಯಾಪಾರದ ಲೆಕ್ಕಾಚಾರದಂತೆ ತೀರ್ಮಾನಿಸುತ್ತವೆ. ಕನ್ನಡದ 'ಏಕಂ' ಸರಣಿಯನ್ನು ಕೊಳ್ಳುವ ವೇದಿಕೆ ಸಿಗದ ಕಾರಣ, ನಿರ್ಮಾಪಕರು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದ ಮೂಲಕ ಅದನ್ನು ಬಿಡುಗಡೆ ಮಾಡಿದರು. ಡಿಸ್ಕ್‌ಗಳ ಮಾರಾಟವೂ ಇಲ್ಲದ ಇಂದಿನ ಸ್ಥಿತಿಯಲ್ಲಿ, ಯಾವ ವೇದಿಕೆಯಲ್ಲೂ ಸೇರದ ಚಿತ್ರವನ್ನು ಅಧಿಕೃತವಾಗಿ ನೋಡುವ ದಾರಿ ಪ್ರೇಕ್ಷಕರಿಗೆ ಇರುವುದಿಲ್ಲ. ಹಳೆಯ ಚಿತ್ರಗಳ ವಿಸಿಡಿ ಮತ್ತು ಡಿವಿಡಿಗಳು ಈ ಕಾರಣದಿಂದ, ಸ್ಪಷ್ಟತೆಯಲ್ಲಿ ಹಿಂದುಳಿದಿದ್ದರೂ, ಸಂಶೋಧಕರಿಗೂ ಗ್ರಂಥಾಲಯಗಳಿಗೂ ಆಕರಗಳಾಗಿ ಮಹತ್ವ ಪಡೆದಿವೆ.