ಹದಿನೈದು ಸೆಕೆಂಡುಗಳ ವ್ಯಾಪಾರ

ವ್ಯಾಪಾರ ವಹಿವಾಟುಗಳನ್ನು ಕುರಿತು ಮಾತನಾಡಲು ಕನ್ನಡದ ಮೇಷ್ಟ್ರೊಬ್ಬನಿಗೆ ಏನು ಅಧಿಕಾರವೆಂದು ಶ್ರೋತೃಗಳಲ್ಲಿ ಕೆಲವರಾದರೂ ಕೇಳಿಯಾರು. ಅಧಿಕಾರದ ಮಾತು ಹಾಗಿರಲಿ, ಆಸಕ್ತಿಗೆ ಕಾರಣವುಂಟು. ಅಂಗಡಿ, ಬ್ಯಾಂಕು, ರೈಲು, ಆಸ್ಪತ್ರೆ ಇವುಗಳ ಬಾಗಿಲಲ್ಲಿ ದಿನ ಬೆಳಗಾದರೆ ನಿಲ್ಲಬೇಕಾದವನು ಆ ವಿಷಯದಲ್ಲಿ ಅರ್ಧದಷ್ಟು ಪಂಡಿತನೇ ಸರಿ. ಉಳಿದರ್ಧ ಪಾಂಡಿತ್ಯ ಕೌಂಟರಿನ ಆಚೆ ಕುಳಿತವರದು. ಈ ಎರಡು ಅರ್ಧಗಳು ಒಂದಕ್ಕೊಂದು ಕೂಡುತ್ತವೆಯೋ ಇಲ್ಲವೋ ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ವ್ಯವಹಾರಶಾಸ್ತ್ರದವರು ಈಚಿನ ದಶಕಗಳಲ್ಲಿ ಎರಡು ಮಾತುಗಳನ್ನು ಬಹಳವಾಗಿ ಬಳಸುತ್ತಾರೆ. ಒಂದು, ಸೇವೆಯ ಉತ್ಕೃಷ್ಟತೆ; ಇನ್ನೊಂದು, ಗ್ರಾಹಕನ ಅನುಭವ. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸುತ್ತದೆ. ಅಡಿಗೆ ಚೆನ್ನಾಗಿದ್ದರೆ ಊಟವೂ ಚೆನ್ನಾಗಿದ್ದೀತು ಎಂಬ ತರ್ಕ ಇದು. ಆದರೆ ಅಡಿಗೆ ಚೆನ್ನಾಗಿದ್ದೂ ಊಟ ಕೆಟ್ಟ ಮದುವೆಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಸಾರು ಬರುವ ಹೊತ್ತಿಗೆ ಅನ್ನ ಆರಿರುತ್ತದೆ. ಪಾಯಸದವನು ಬಾಗದೆ, ನಿಲ್ಲದೆ ಓಡಿಬಿಡುತ್ತಾನೆ. ಅಡಿಗೆಯವನ ಲೆಕ್ಕದಲ್ಲಿ ಯಾವ ಕೊರತೆಯೂ ಇಲ್ಲ. ಉತ್ಕೃಷ್ಟತೆ ಎಂಬುದು ಕೊಡುವವನು ತನ್ನ ಅಳತೆಗೋಲಿನಿಂದ ಅಳೆದುಕೊಳ್ಳುವ ಗುಣ. ಅನುಭವವಾದರೋ ಎಲೆಯ ಮುಂದೆ ಕುಳಿತವನ ಪಾಲಿಗೆ ಬಂದದ್ದು. ನಮ್ಮ 'ಗ್ರಾಹಕ' ಶಬ್ದದಲ್ಲಿಯೇ ಈ ಅರ್ಥವಿದೆ. ಗ್ರಾಹಕನೆಂದರೆ ಗ್ರಹಿಸುವವನು, ತೆಗೆದುಕೊಳ್ಳುವವನು. ಅದೇ ಶಬ್ದ ಪೇಟೆಯಲ್ಲಿ ಸವೆದು 'ಗಿರಾಕಿ'ಯಾದಾಗ ಅರ್ಥವೂ ಸ್ವಲ್ಪ ಸವೆಯಿತೆಂದು ತೋರುತ್ತದೆ.

ಈ ಅಂತರವನ್ನು ಗುರುತಿಸಿ, ಒಂದು ದೊಡ್ಡ ಸಂಸ್ಥೆಯ ವ್ಯವಹಾರತಂತ್ರವನ್ನೇ ಅದರ ಸುತ್ತ ಕಟ್ಟಿದ ಪ್ರಸಂಗ ಯುರೋಪಿನ ಉತ್ತರ ಭಾಗದಲ್ಲಿ ನಡೆಯಿತು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಈ ಮೂರು ದೇಶಗಳು ಸೇರಿ 1946ರಲ್ಲಿ ಸ್ಥಾಪಿಸಿದ ವಿಮಾನಸಂಸ್ಥೆ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್. ಬಹುಕಾಲ ಲಾಭದಲ್ಲಿದ್ದ ಆ ಸಂಸ್ಥೆ ಎಪ್ಪತ್ತರ ದಶಕದ ಕೊನೆಗೆ ನಷ್ಟಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ಅದರ ಹೊಣೆ ಹೊತ್ತವನು ಯಾನ್ ಕಾರ್ಲ್‌ಸನ್ ಎಂಬ ಸ್ವೀಡನ್ನಿನ ಯುವಕ. ಅವನು ಮಾಡಿದ ಲೆಕ್ಕ ವಿಚಿತ್ರವಾದದ್ದು. ವರ್ಷಕ್ಕೆ ಸುಮಾರು 1 ಕೋಟಿ ಪ್ರಯಾಣಿಕರು; ಪ್ರತಿಯೊಬ್ಬ ಪ್ರಯಾಣಿಕನಿಗೂ ಸಂಸ್ಥೆಯ ಸುಮಾರು 5 ಮಂದಿ ನೌಕರರ ಭೇಟಿ; ಪ್ರತಿ ಭೇಟಿಗೂ ಸರಾಸರಿ 15 ಸೆಕೆಂಡು. ಹಾಗಾದರೆ ವರ್ಷಕ್ಕೆ 5 ಕೋಟಿ ಸಲ, ಒಂದೊಂದು ಸಲ 15 ಸೆಕೆಂಡು, ಸಂಸ್ಥೆ ಹುಟ್ಟುತ್ತದೆ. ವಿಮಾನಗಳು, ಕಚೇರಿಗಳು, ದುರಸ್ತಿಶಾಲೆಗಳು ಇವೆಲ್ಲ ಸಂಸ್ಥೆಯ ಆಸ್ತಿ ನಿಜ. ಆದರೆ ಪ್ರಯಾಣಿಕನ ಮನಸ್ಸಿನಲ್ಲಿ ಸಂಸ್ಥೆ ಎಂದರೆ ಆ 15 ಸೆಕೆಂಡುಗಳೇ. ಇವಕ್ಕೆ ಅವನು 'ಸತ್ಯದ ಕ್ಷಣಗಳು' ಎಂದು ಹೆಸರಿಟ್ಟ. ಹೆಸರು ಅವನ ಸ್ವಂತದ್ದಲ್ಲ; ರಿಚರ್ಡ್ ನಾರ್ಮನ್ ಎಂಬ ವಿದ್ವಾಂಸ ಗೂಳಿಕಾಳಗದ ಪರಿಭಾಷೆಯಿಂದ ಎತ್ತಿ ತಂದದ್ದು. ಗೂಳಿಯೂ ಕಾದುವವನೂ ಎದುರುಬದುರಾಗುವ ಕೊನೆಯ ಗಳಿಗೆ ಅದು. ನಮ್ಮ ಕೆಲವು ಕಚೇರಿಗಳ ಕೌಂಟರುಗಳನ್ನು ನೆನೆದಾಗ ಉಪಮಾನ ತೀರ ಅಸಂಗತವೇನೂ ಅಲ್ಲ.

ಕಾರ್ಲ್‌ಸನ್ ಹೇಳುವ ಪ್ರಸಂಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸರಕುಸಾಗಣೆಯ ವಿಭಾಗದ್ದು. ಆ ವಿಭಾಗ ತನ್ನ ಕೆಲಸದ ಉತ್ಕೃಷ್ಟತೆಯನ್ನು ಎರಡು ರೀತಿಯಲ್ಲಿ ಅಳೆದುಕೊಳ್ಳುತ್ತಿತ್ತು: ವಿಮಾನದ ಹೊಟ್ಟೆ ಎಷ್ಟು ತುಂಬಿತು, ಮತ್ತು ಸರಕೂ ಅದರ ಕಾಗದಪತ್ರಗಳೂ ಒಂದನ್ನೊಂದು ಅಗಲಿದವೋ ಇಲ್ಲವೋ. ಎರಡರಲ್ಲೂ ವಿಭಾಗಕ್ಕೆ ಒಳ್ಳೆಯ ಅಂಕಗಳೇ. ಒಮ್ಮೆ ಪರೀಕ್ಷೆಗೆಂದು 100 ಪೊಟ್ಟಣಗಳನ್ನು ಯುರೋಪಿನ ಬೇರೆ ಬೇರೆ ವಿಳಾಸಗಳಿಗೆ ಕಳಿಸಿ ನೋಡಿದರು. ಮರುದಿನ ತಲುಪುವುದೆಂದು ವಾಗ್ದಾನ. ತಲುಪಲು ಹಿಡಿದದ್ದು ಸರಾಸರಿ 4 ದಿನ. ಆದರೂ ಪೊಟ್ಟಣ ತನ್ನ ಕಾಗದವನ್ನು ಬಿಟ್ಟಿರಲಿಲ್ಲವಾದ್ದರಿಂದ, ಲೆಕ್ಕದ ಪುಸ್ತಕದಲ್ಲಿ ಯಾವ ದೋಷವೂ ಬೀಳುವಂತಿರಲಿಲ್ಲ! ಸರಕು ಕಳಿಸಿದವನಿಗೆ ವಿಮಾನದ ಹೊಟ್ಟೆ ತುಂಬಿದರೇನು, ಬಿಟ್ಟರೇನು? ಅವನಿಗೆ ಬೇಕಾದದ್ದು ಹೇಳಿದ ದಿನ, ಹೇಳಿದ ವಿಳಾಸ. ಆಮೇಲೆ ಆ ವಿಭಾಗದ ಅಳತೆಗೋಲನ್ನೇ ಬದಲಿಸಿದರು. ಟೆಲಿಫೋನನ್ನು ಎಷ್ಟು ಬೇಗ ಎತ್ತಿದೆವು, ಹೇಳಿದ ಗಡುವಿಗೆ ತಲುಪಿಸಿದೆವೆ, ವಿಮಾನ ಇಳಿದ ಎಷ್ಟು ಹೊತ್ತಿಗೆ ಸರಕು ಒಯ್ಯಲು ಸಿದ್ಧವಾಗಿತ್ತು ಇವು ಹೊಸ ಪ್ರಶ್ನೆಗಳಾದವು. ನೌಕರರು ಅವರೇ, ವಿಮಾನಗಳು ಅವೇ. ಕೇಳುವ ಪ್ರಶ್ನೆ ಮಾತ್ರ ಬೇರೆ.

ಅಳತೆ ಬದಲಾದರೆ ಸಾಲದು. ಹಣದ ಹಂಚಿಕೆಯೂ ಬದಲಾಗಬೇಕು. ತಂತ್ರ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ. ಎಲ್ಲರಿಗೂ ಎಲ್ಲವನ್ನೂ ಚೆನ್ನಾಗಿ ಕೊಡುತ್ತೇವೆ ಎಂಬುದು ಆಶೀರ್ವಾದದ ಮಾತೇ ಹೊರತು ತಂತ್ರವಲ್ಲ. ಕಾರ್ಲ್‌ಸನ್ ಮೊದಲು ಒಂದು ಆಯ್ಕೆ ಮಾಡಿಕೊಂಡ: ಕೆಲಸದ ನಿಮಿತ್ತ ಅಡಿಗಡಿಗೆ ಓಡಾಡುವ, ಪೂರ್ತಿ ಟಿಕೆಟ್ಟಿನ ಹಣ ಕೊಡುವ ಪ್ರಯಾಣಿಕನೇ ನಮ್ಮ ಗ್ರಾಹಕ. ಅವನಿಗೆ ಬೇಕಾದದ್ದು ದೊಡ್ಡ ವಿಮಾನವಲ್ಲ. ದಿನಕ್ಕೆ ಹಲವು ಸಲ, ನೇರವಾಗಿ, ಹೊತ್ತಿಗೆ ಸರಿಯಾಗಿ ಹೊರಡುವ ವಿಮಾನ. ಹೊಸದಾಗಿ ಕೊಂಡಿದ್ದ ದೊಡ್ಡ ಏರ್‌ಬಸ್ ವಿಮಾನಗಳನ್ನು ಆತ ಹಿಂತೆಗೆದು, ಹಳೆಯ ಚಿಕ್ಕ ಡಿಸಿ-9 ವಿಮಾನಗಳನ್ನೇ ಹೆಚ್ಚು ಸಲ ಓಡಿಸಿದ. ಎಂಜಿನಿಯರುಗಳ ದೃಷ್ಟಿಗೆ ಏರ್‌ಬಸ್ಸೇ ಉತ್ಕೃಷ್ಟ. ಪ್ರಯಾಣಿಕನ ಗಡಿಯಾರಕ್ಕೆ ಅಲ್ಲ.

ಇನ್ನೊಂದು ಬದಲಾವಣೆ ಅಧಿಕಾರಕ್ಕೆ ಸಂಬಂಧಿಸಿದ್ದು. ಅಮೆರಿಕದ ವ್ಯಾಪಾರಿಯೊಬ್ಬ ಸ್ಟಾಕ್‌ಹೋಮಿನ ವಿಮಾನನಿಲ್ದಾಣಕ್ಕೆ ಬಂದ ಮೇಲೆ ಟಿಕೆಟ್ಟನ್ನು ಹೋಟೆಲಿನಲ್ಲಿಯೇ ಬಿಟ್ಟದ್ದು ನೆನಪಾಯಿತಂತೆ. ಟಿಕೆಟ್ಟಿಲ್ಲದೆ ಒಳಗೆ ಬಿಡುವಂತಿಲ್ಲವೆಂಬುದು ಅಂದಿನ ನಿಯಮ. ಕೌಂಟರಿನ ಹೆಣ್ಣುಮಗಳು ಅವನಿಗೆ ಒಳಹೋಗುವ ಚೀಟಿ ಕೊಟ್ಟು, ಹೋಟೆಲಿಗೆ ಟೆಲಿಫೋನು ಮಾಡಿ, ಕೊಠಡಿಯಲ್ಲಿ ಟಿಕೆಟ್ಟು ಸಿಕ್ಕಿತೆಂದು ತಿಳಿದೊಡನೆ ಸಂಸ್ಥೆಯ ಕಾರನ್ನು ಕಳಿಸಿ ವಿಮಾನ ಹೊರಡುವ ಮುನ್ನ ತರಿಸಿದಳು. ಕಥೆಯಲ್ಲಿ ಮುಖ್ಯವಾದದ್ದು ಅವಳ ಸೌಜನ್ಯವಲ್ಲ. ಸೌಜನ್ಯವುಳ್ಳವರು ಎಲ್ಲ ಕಚೇರಿಗಳಲ್ಲಿಯೂ ಇರುತ್ತಾರೆ. 'ಮೇಲಿನವರನ್ನು ಕೇಳಬೇಕು' ಎಂದು ಕೈ ಚೆಲ್ಲುತ್ತಾರೆ. ಕಾರು ಕಳಿಸಲು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ ಎಂಬುದು ಮುಖ್ಯ. 15 ಸೆಕೆಂಡುಗಳಲ್ಲಿ ಮೇಲಧಿಕಾರಿಯನ್ನು ಕೇಳಿ ಬರಲು ಸಮಯವೆಲ್ಲಿ? ಕಾರ್ಲ್‌ಸನ್ 1985ರಲ್ಲಿ ಬರೆದ ಪುಸ್ತಕಕ್ಕೆ ಅವನ ಭಾಷೆಯಲ್ಲಿ 'ಪಿರಮಿಡ್ಡುಗಳನ್ನು ಕೆಡವಿ' ಎಂಬ ಅರ್ಥದ ಹೆಸರಿದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಹರಿಕಥೆಯಾದೀತು. ಕೆಲವೇ ವರ್ಷಗಳಲ್ಲಿ ಸಂಸ್ಥೆ ಮತ್ತೆ ಲಾಭಕ್ಕೆ ಬಂತು ನಿಜ. ಆದರೆ ತೊಂಬತ್ತರ ದಶಕದಲ್ಲಿ ಯುರೋಪಿನ ಆಕಾಶ ಎಲ್ಲ ಸಂಸ್ಥೆಗಳಿಗೂ ತೆರೆದುಕೊಂಡು, ಅಗ್ಗದ ವಿಮಾನಗಳು ಬಂದಾಗ, ಸ್ಕ್ಯಾಂಡಿನೇವಿಯದ ಈ ಸಂಸ್ಥೆಯ ವೆಚ್ಚ ಅದಕ್ಕೇ ಭಾರವಾಯಿತು. ಇತರ ಮೂರು ಸಂಸ್ಥೆಗಳೊಡನೆ ಒಂದಾಗುವ ಯೋಜನೆ 1993ರಲ್ಲಿ ಮುರಿದುಬಿದ್ದು ಕಾರ್ಲ್‌ಸನ್ನನೂ ನಿರ್ಗಮಿಸಿದ. 2022ರಲ್ಲಿ ಸಂಸ್ಥೆ ಅಮೆರಿಕದ ನ್ಯಾಯಾಲಯದಲ್ಲಿ ಸಾಲಗಾರರಿಂದ ರಕ್ಷಣೆ ಕೋರಬೇಕಾಯಿತು, ಹೊರಬಂದದ್ದು 2024ರಲ್ಲಿ. ಗ್ರಾಹಕ ಯಾವುದಕ್ಕೆ ಎಷ್ಟು ಹಣ ಕೊಡಲು ಒಪ್ಪುತ್ತಾನೆ ಎಂಬುದೂ ಅವನ ಅನುಭವದ ಭಾಗವೇ. ಅದು ಕಾಲಕಾಲಕ್ಕೆ ಬದಲಾಗುವುದರಿಂದ, ಹೊಂದಾಣಿಕೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಇಷ್ಟು ದೂರ ಹೋದವನು ಈಗ ಉಡುಪಿಗೆ ಬರುತ್ತೇನೆ. ವ್ಯವಹಾರಶಾಸ್ತ್ರದ ಪುಸ್ತಕಗಳು ಹುಟ್ಟುವ ಬಹಳ ಮೊದಲೇ ಇದೇ ವಿಚಾರವನ್ನು ನಮ್ಮವರು ಸದ್ದಿಲ್ಲದೆ ಆಚರಿಸಿದ್ದರು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು ಸೇರಿ 8,000 ರೂಪಾಯಿ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಒಬ್ಬರು ವೈದ್ಯರು, ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲ ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುವ ಏರ್ಪಾಡು. ಅದು ಎಷ್ಟು ಬಳಕೆಗೆ ಬಂತೆಂದರೆ, 'ಪಿಗ್ಮಿ ಕಟ್ಟುವುದು' ಎಂಬುದು ಕನ್ನಡದ್ದೇ ನುಡಿಯಾಗಿದೆ. ಪಿಗ್ಮಿ ಎಂಬುದು ಆಫ್ರಿಕದ ಗಿಡ್ಡ ಜನರ ಹೆಸರೆಂದು ಹೇಳಿದರೆ ನಮ್ಮ ಎಷ್ಟೋ ಮಂದಿ ನಕ್ಕಾರು.

ಇದರ ಹಿಂದಿನ ವಿವೇಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೇಕಾರನ, ಹೂ ಮಾರುವವಳ, ಹೋಟೆಲಿನ ಮಾಣಿಯ ಕೈಯಲ್ಲಿ ಹಣ ಇರುವುದು ದಿನದ ಕೆಲವೇ ಗಳಿಗೆ. ಬೆಳಗಾಗುವುದರೊಳಗೆ ಅದು ಕರಗಿರುತ್ತದೆ. ಬ್ಯಾಂಕು ತೆರೆದಿರುವ ಹೊತ್ತು ಅವರ ದುಡಿಮೆಯ ಹೊತ್ತು. ಅಲ್ಲಿಗೆ ಹೋಗಲು ಒಳ್ಳೆಯ ಅಂಗಿ ಬೇಕು, ಅರ್ಜಿ ಬರೆಯಲು ಅಕ್ಷರ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಎರಡಾಣೆಯನ್ನು ಮೇಜಿನ ಮೇಲಿಡುವ ಧೈರ್ಯ ಬೇಕು. ಬಡ್ಡಿಯನ್ನು ಏರಿಸಿದರೆ, ಕಟ್ಟಡಕ್ಕೆ ಬಣ್ಣ ಬಳಿದರೆ ಈ ಮೂರರಲ್ಲಿ ಒಂದೂ ನೀಗುವುದಿಲ್ಲ. ಹಣ ಕೈಯಲ್ಲಿರುವ ಹೊತ್ತಿಗೆ ಬ್ಯಾಂಕೇ ಎದುರು ನಿಂತರೆ ಮೂರೂ ನೀಗುತ್ತವೆ. ದುಬಾರಿಯ ಏರ್ಪಾಡು ಇದು. ಎರಡಾಣೆಗಾಗಿ ಒಬ್ಬ ಮನುಷ್ಯ ಬಿಸಿಲಲ್ಲಿ ನಡೆಯಬೇಕು. ಪ್ರತಿಯಾಗಿ ಬ್ಯಾಂಕಿಗೆ ದೊರೆತದ್ದೂ ಕಡಿಮೆಯಲ್ಲ: ದೊಡ್ಡ ಬ್ಯಾಂಕುಗಳು ಕಣ್ಣೆತ್ತಿಯೂ ನೋಡದ ಠೇವಣಿ, ಮತ್ತು ಯಾರು ದಿನವೂ ತಪ್ಪದೆ ಕೊಡುತ್ತಾರೆಂಬ ತಿಳಿವಳಿಕೆ. ಸಾಲ ಕೊಡುವವನಿಗೆ ಇದಕ್ಕಿಂತ ಒಳ್ಳೆಯ ಜಾತಕ ಯಾವುದು?

ಮನೆಮನೆಗೆ ತಿರುಗಿದ ಆ ಸಂಗ್ರಾಹಕರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರಿಗೆ ದೊರೆಯುತ್ತಿದ್ದುದು ಸಂಬಳವಲ್ಲ, ಕಮಿಷನ್ನು. ಜನರ ಪಾಲಿಗೆ ಅವರೇ ಬ್ಯಾಂಕು. ಬ್ಯಾಂಕಿನ ಪಾಲಿಗೆ ಅವರು ಹೊರಗಿನವರು. ಅವರನ್ನು ಕೆಲಸಗಾರರೆಂದು ಪರಿಗಣಿಸಬೇಕೆಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2001ರಲ್ಲಿ ತೀರ್ಪು ಅವರ ಪರವಾಗಿ ಬಂತು. ಆ 15 ಸೆಕೆಂಡುಗಳನ್ನು ಯಾರ ಕೈಗೆ ಒಪ್ಪಿಸಿದ್ದೇವೆಯೋ ಅವರ ಹೊಟ್ಟೆಪಾಡನ್ನು ಲೆಕ್ಕದಿಂದ ಹೊರಗಿಟ್ಟು ಸೇವೆಯ ಮಾತನಾಡುವುದು ನನಗಂತೂ ಸರಿಯೆನಿಸದು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಇದೂ ಒಂದು. 2020ರ ಏಪ್ರಿಲ್ 1ರಂದು, ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈ ನಡುವೆ ಬ್ಯಾಂಕುಗಳ ಗ್ರಾಹಕಸೇವೆಯನ್ನು ಕುರಿತು ಎಪ್ಪತ್ತರ ದಶಕದಲ್ಲಿ ತಲ್ವಾರ್ ಅವರ ಅಧ್ಯಕ್ಷತೆಯಲ್ಲಿ, 1990ರಲ್ಲಿ ಗೋಯ್‌ಪೋರಿಯಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಗಳು ಕುಳಿತವು; 1995ರಲ್ಲಿ ಓಂಬುಡ್ಸ್‌ಮನ್ ವ್ಯವಸ್ಥೆ ಬಂತು. ಇವುಗಳಿಂದ ಉಪಕಾರವಾಗಿಲ್ಲವೆಂದಲ್ಲ. 2016ರಲ್ಲಿ ಆರಂಭವಾದ ಯುಪಿಐ ಅಂತೂ ತರಕಾರಿ ಗಾಡಿಯವರೆಗೂ ತಲುಪಿ, ಚಿಲ್ಲರೆಯ ಜಗಳವನ್ನೇ ಇಲ್ಲವಾಗಿಸಿದೆ. ತರುಣರ ಅನುಭವಕ್ಕೂ ಸಂಸ್ಥೆಗಳ ಅಳತೆಗೂ ಅಲ್ಲಿ ಚೆನ್ನಾಗಿ ಕೂಡಿಬಂದಿದೆ.

ಕೂಡಿಬರದಿರುವುದು ವಯಸ್ಸಾದವರಲ್ಲಿ, ಅಕ್ಷರ ಕಡಿಮೆಯಿರುವವರಲ್ಲಿ. ಶಾಖೆಯಲ್ಲಿ ಸರದಿ ಕಡಿಮೆಯಾಯಿತೆಂದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಉತ್ಕೃಷ್ಟತೆ. ಸರದಿ ಕಡಿಮೆಯಾದದ್ದು ಕೆಲಸ ಆಯಿತೆಂದೋ, ಜನ ಬೇಸತ್ತು ಮನೆಗೆ ಹೋದರೆಂದೋ ಎಂದು ಕೇಳುವ ಅಂಕಣ ಆ ಲೆಕ್ಕದಲ್ಲಿಲ್ಲ. ನನ್ನ ಖಾತೆಯಿರುವ ಬ್ಯಾಂಕಿನಲ್ಲಿ ಒಂದು ದೂರು ದಾಖಲಿಸಿದ್ದೆ. ನಾಲ್ಕನೆಯ ದಿನ, ಕೆಲಸವೇನೂ ಆಗದಿದ್ದರೂ, 'ತಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ' ಎಂಬ ಸಂದೇಶ ಫೋನಿಗೆ ಬಂತು. ಅದರ ಬೆನ್ನಿಗೇ ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂಬ ಪ್ರಶ್ನೆ. ಪರೀಕ್ಷಕನಾಗಿ ಜೀವಮಾನ ಕಳೆದವನಿಗೂ ಆ ಉತ್ತರಪತ್ರಿಕೆಗೆ ಅಂಕ ಕೊಡುವುದು ಹೇಗೆಂದು ತೋಚಲಿಲ್ಲ. ಸೇವಾವಿಭಾಗಗಳವರು ಇಂಥ ಲೆಕ್ಕವನ್ನು ಕಲ್ಲಂಗಡಿ ಎಂದು ತಮಾಷೆ ಮಾಡುತ್ತಾರಂತೆ: ಹೊರಗೆಲ್ಲ ಹಸಿರು, ಒಳಗೆಲ್ಲ ಕೆಂಪು.

2017ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೊರಡಿಸಿತು. 70 ವರ್ಷ ಮೀರಿದವರಿಗೆ ಮತ್ತು ಅಂಗವಿಕಲರಿಗೆ ಹಣ ಪಡೆಯುವ, ಕೊಡುವ, ಜೀವಿತ ಪ್ರಮಾಣಪತ್ರ ಸ್ವೀಕರಿಸುವ ಸೇವೆಗಳನ್ನು ಮನೆಬಾಗಿಲಲ್ಲಿಯೇ ಒದಗಿಸಬೇಕೆಂಬುದು ಅದರ ಆಶಯ. ಓದಿದಾಗ ನನಗೆ 1928 ನೆನಪಾಯಿತು. ಅಂದು ಮನೆಬಾಗಿಲು ಬ್ಯಾಂಕಿನ ಬದುಕಿನ ದಾರಿಯಾಗಿತ್ತು; ಅಲ್ಲಿಗೆ ಹೋಗದಿದ್ದರೆ ಬ್ಯಾಂಕೇ ಇಲ್ಲ. ಇಂದು ಅದು ಪಾಲಿಸಬೇಕಾದ ಒಂದು ಕಟ್ಟಳೆ. ಕಟ್ಟಳೆಯನ್ನು ಪಾಲಿಸಿದ್ದಕ್ಕೆ ವರದಿ ಕಳಿಸಬಹುದು; ಮುದುಕಿಯೊಬ್ಬಳು ಅದನ್ನು ಕೇಳಿ ಪಡೆಯಬಲ್ಲಳೋ ಎಂಬುದು ಬೇರೆಯೇ ಪ್ರಶ್ನೆ. ಕೇಳಬೇಕಾದರೆ ಮೊದಲು ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರದ ದನಿಯನ್ನು ದಾಟಬೇಕು.

ಪಿಗ್ಮಿ ಸಂಗ್ರಾಹಕರು ಮಾಯವಾಗಿಲ್ಲ. ನಮ್ಮ ಅನೇಕ ಊರುಗಳಲ್ಲಿ ಸಹಕಾರ ಸಂಘಗಳ ಪರವಾಗಿ, ಅಂಗೈಯಗಲದ ಯಂತ್ರವೊಂದನ್ನು ಹಿಡಿದು, ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾರೆ. ಹೂವಿನವಳು ಸೆರಗಿನ ಗಂಟು ಬಿಚ್ಚಿ ನೋಟು ಕೊಡುತ್ತಾಳೆ; ಯಂತ್ರದಿಂದ ಚೀಟಿ ಬರುತ್ತದೆ; ಅವಳು ಅದನ್ನು ಓದದೆ ಮಡಿಸಿ ಸಿಕ್ಕಿಸಿಕೊಳ್ಳುತ್ತಾಳೆ. ಅವನು ಒಂದು ಸಂಜೆ ಬಾರದಿದ್ದರೆ ಮರುಸಂಜೆ 'ಯಾಕಪ್ಪಾ, ನಿನ್ನೆ ಬರಲಿಲ್ಲ?' ಎಂದು ಎದುರಿಗೇ ಕೇಳುತ್ತಾಳೆ, ಅವನು ನಿಂತು ಉತ್ತರ ಹೇಳುತ್ತಾನೆ.

(ಆಕಾಶವಾಣಿಯ ಸೌಜನ್ಯದಿಂದ)